ಮನೆ ಸಾಲ ಬೇಗ ತೀರಿಸೋದಾ, ರಿಟೈರ್‌ಮೆಂಟ್‌ಗೆ ಎತ್ತಿಡೋದಾ?

ಈ ಸಲ ಬಂದ ಪತ್ರಗಳಲ್ಲಿ ಮೂರು ತುಮಕೂರು ಜಿಲ್ಲೆಯವೇ, ಮೂರೂ ಮನೆ ಸಾಲದ್ದೇ. ಮೇಲ್ನೋಟಕ್ಕೆ ಒಂದೇ ಪ್ರಶ್ನೆ ಥರ ಕಾಣುತ್ತೆ, ಆದ್ರೆ ಮೂವರ ವಯಸ್ಸು, ಕೆಲಸ, ಕೈಲಿರೋ ದುಡ್ಡು ಬೇರೆ ಬೇರೆ ಆಗಿರೋದ್ರಿಂದ ಉತ್ತರಾನೂ ಬೇರೆ ಬೇರೆ. ಹೆಸರು ಹಾಕ್ಬೇಡಿ ಅಂದಿದ್ದಾರೆ, ಊರು ಮಾತ್ರ ಹಾಕಿದ್ದೀನಿ.

ಪ್ರಶ್ನೆ: ನನಗೀಗ 48. ವಸಂತನರಸಾಪುರದ ಒಂದು ಫ್ಯಾಕ್ಟರಿಲಿ ಸೂಪರ್‌ವೈಸರ್, 58ಕ್ಕೆ ರಿಟೈರ್‌ಮೆಂಟ್. ಕ್ಯಾತ್ಸಂದ್ರದ ಹತ್ರ ಮನೆ ಕಟ್ಟೋಕೆ 2017ರಲ್ಲಿ 29 ಲಕ್ಷ ಸಾಲ ತಗೊಂಡೆ, 20 ವರ್ಷಕ್ಕೆ, ಇಎಂಐ 25 ಸಾವಿರ, ಬಡ್ಡಿ ಈಗ ಶೇ 8.5. ಎಂಟೂವರೆ ವರ್ಷದಲ್ಲಿ 25 ಲಕ್ಷದ ಮೇಲೆ ಕಟ್ಟಿದ್ದೀನಿ ಸಾರ್, ಬ್ಯಾಂಕಲ್ಲಿ ಕೇಳಿದ್ರೆ ಇನ್ನೂ 22 ಲಕ್ಷ ಬಾಕಿ ಅಂತಾರೆ, ಇದೇನು ಮೋಸನಾ? ಗುಬ್ಬಿ ಕಡೆ ನಮ್ಮೂರ ಜಮೀನು ಮಾರಿ ನನ್ನ ಭಾಗಕ್ಕೆ 8 ಲಕ್ಷ ಬಂದಿದೆ. ನಮ್ಮನೆಯವರು ಪೂರ್ತಿ ಸಾಲಕ್ಕೆ ಕಟ್ಟಿ ತಲೆನೋವು ಕಳ್ಕೊಳ್ಳಿ ಅಂತಾರೆ, ಜೊತೆಲಿ ಕೆಲಸ ಮಾಡೋರು ಮ್ಯೂಚುಯಲ್ ಫಂಡ್‌ಗೆ ಹಾಕು ಅಂತಾರೆ. ಪಿಎಫ್‌ನಲ್ಲಿ 9 ಲಕ್ಷ ಇದೆ, ಅದನ್ನೂ ತೆಗೆದು ಸೇರಿಸಿಬಿಡ್ಲಾ ಅಂತ ಒಂದು ಯೋಚನೆ. ಖರ್ಚು ಕಳೆದು ತಿಂಗಳಿಗೆ 10 ಸಾವಿರ ಉಳಿಯುತ್ತೆ. ಮಗಳು ಸೆಕೆಂಡ್ ಪಿಯುಸಿ.

ಉತ್ತರ: ಮೊದ್ಲು ಆ ಮೋಸದ ಮಾತು ಮುಗಿಸೋಣ, ಯಾಕಂದ್ರೆ ಆ ಸಿಟ್ಟಲ್ಲೇ ತುಂಬಾ ಜನ ಇದ್ದಬದ್ದ ದುಡ್ಡನ್ನೆಲ್ಲ ತಗೊಂಡೋಗಿ ಬ್ಯಾಂಕಿಗೆ ಸುರಿದು ಬರ್ತಾರೆ. ಮೋಸ ಏನಿಲ್ಲ ಸಾರ್. 29 ಲಕ್ಷಕ್ಕೆ ಶೇ 8.5 ಅಂದ್ರೆ ಮೊದಲನೇ ತಿಂಗಳ ಬಡ್ಡಿನೇ 20,500 ರೂಪಾಯಿ, ನೀವು ಕಟ್ಟಿದ 25 ಸಾವಿರದಲ್ಲಿ ಅಸಲಿಗೆ ಹೋಗಿದ್ದು ನಾಲ್ಕೂವರೆ ಸಾವಿರ. ಈಗ 22 ಲಕ್ಷಕ್ಕೆ ಬಡ್ಡಿ 15,600ಕ್ಕೆ ಇಳಿದಿದೆ, ಅಸಲಿಗೆ 9,400 ಹೋಗ್ತಿದೆ. ಇನ್ಮುಂದೆ ಪ್ರತಿ ತಿಂಗಳೂ ಅಸಲಿನ ಪಾಲು ಜಾಸ್ತಿ ಆಗ್ತಾ ಹೋಗುತ್ತೆ.

ಇದನ್ನೇ ಹಿಡ್ಕೊಂಡು ಇನ್ನೊಂದು ಮಾತು ಓಡಾಡುತ್ತೆ: ಬಡ್ಡಿ ಎಲ್ಲಾ ಮೊದ್ಲೇ ಕಟ್ಟಾಗಿದೆ, ಈಗ ಮುಂಗಡ ಕಟ್ಟಿ ಏನೂ ಪ್ರಯೋಜನ ಇಲ್ಲ ಅಂತ. ಅದು ತಪ್ಪು ಲೆಕ್ಕ. ಬಡ್ಡಿ ಬೀಳೋದು ಇವತ್ತು ಎಷ್ಟು ಬಾಕಿ ಇದೆಯೋ ಅದರ ಮೇಲೆ ಮಾತ್ರ. ಎರಡನೇ ವರ್ಷ ಕಟ್ಟಿದ ಒಂದು ಲಕ್ಷವೂ ಹದಿನೈದನೇ ವರ್ಷ ಕಟ್ಟಿದ ಒಂದು ಲಕ್ಷವೂ ಕಟ್ಟಿದ ದಿನದಿಂದ ಸಾಲ ಮುಗಿಯೋವರೆಗೆ ವರ್ಷಕ್ಕೆ ಅದೇ ಎಂಟೂವರೆ ಪರ್ಸೆಂಟ್ ಉಳಿಸುತ್ತೆ, ಉಳಿಸೋ ವರ್ಷ ಕಮ್ಮಿ ಆಗಿರುತ್ತೆ ಅಷ್ಟೇ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಹೀಗೇ ಬಿಟ್ರೆ ಸಾಲ ಮುಗಿಯೋಕೆ ಇನ್ನೂ 138 ತಿಂಗಳು, ಅಂದ್ರೆ ಹನ್ನೊಂದೂವರೆ ವರ್ಷ. ಸಂಬಳ ನಿಲ್ಲೋದು ಹತ್ತು ವರ್ಷಕ್ಕೆ. ನಿಮ್ಮ ನಿಜವಾದ ತೊಂದರೆ ಇರೋದು ಇಲ್ಲಿ, ಬಡ್ಡಿ ದರದಲ್ಲಲ್ಲ. ಸಂಬಳ ನಿಂತ ಮೇಲೂ ಒಂದೂವರೆ ವರ್ಷ 25 ಸಾವಿರ ಕಟ್ಟೋದು ಎಲ್ಲಿಂದ? ಪಿಎಫ್ ಪೆನ್ಷನ್ ಬರುತ್ತಲ್ಲ ಅಂತೀರೇನೋ, ಅದರ ಲೆಕ್ಕ ಕೇಳಿ. ಹೆಚ್ಚಿನವರಿಗೆ ಪೆನ್ಷನ್‌ಗೆ ಹಿಡಿಯೋ ಸಂಬಳದ ಮಿತಿ 15,000, ಅದನ್ನ ಸರ್ವಿಸ್ ಆದ ವರ್ಷದಿಂದ ಗುಣಿಸಿ 70ರಿಂದ ಭಾಗಿಸ್ತಾರೆ, ಮೂವತ್ತು ವರ್ಷ ಆಗಿದ್ರೆ ತಿಂಗಳಿಗೆ 6,400 ಚಿಲ್ಲರೆ. ನಿಮ್ಮನೆ ಖರ್ಚು ಈಗ 30 ಸಾವಿರ ಅಂತಿಟ್ಕೊಂಡ್ರೂ ವರ್ಷಕ್ಕೆ ಶೇ 6ರಂತೆ ಬೆಲೆ ಏರಿದ್ರೆ ಹತ್ತು ವರ್ಷಕ್ಕೆ ಅದು 53 ಸಾವಿರ ದಾಟುತ್ತೆ. ಆ ಪೆನ್ಷನ್ ಎಲ್ಲಿಗೆ ಸಾಕಾಗುತ್ತೆ ನೀವೇ ಹೇಳಿ.

ಹಾಗಾಗಿ ಸಾಲ 58ಕ್ಕೆ ಮುಂಚೆ ಮುಗೀಬೇಕು, ಅದ್ರಲ್ಲಿ ನಿಮ್ಮನೆಯವರ ಮಾತು ಸರಿ. ಆದ್ರೆ 8 ಲಕ್ಷ ಪೂರ್ತಿ ಹಾಕಿ ಅಂತ ನಾನು ಹೇಳಲ್ಲ. ಮಗಳು ಸೆಕೆಂಡ್ ಪಿಯುಸಿ ಅಂದ್ರೆ ಇನ್ನು ಕೆಲವೇ ತಿಂಗಳಿಗೆ ಸಿಇಟಿ, ಕೌನ್ಸೆಲಿಂಗ್, ಕಾಲೇಜ್ ಫೀಸು, ಹಾಸ್ಟೆಲ್ಲು. ಮನೆಗೆ ಹಾಕಿದ ದುಡ್ಡು ಗೋಡೆ ಒಳಗೆ ಹೋದ ಹಾಗೆ, ಬೇಕಾದಾಗ ಗೋಡೆ ಕೆರೆದು ಫೀಸ್ ಕಟ್ಟೋಕಾಗಲ್ಲ. ಶೇ 8.5ರ ಸಾಲ ತೀರಿಸಿದ ಖುಷಿಲಿ ಆರು ತಿಂಗಳಿಗೆ ಪರ್ಸನಲ್ ಲೋನ್‌ಗೆ ಅರ್ಜಿ ಹಾಕೋದು, ಇಲ್ಲಾ ಮನೆಯವರ ಒಡವೆ ತಗೊಂಡೋಗಿ ಗಿರವಿ ಇಡೋದು, ಇವೆರಡೂ ನಮ್ಮ ಕಡೆ ದಿನಾ ನಡೆಯೋದೇ. ಅದಕ್ಕೆ 5 ಲಕ್ಷ ಪಕ್ಕಕ್ಕಿಡಿ. ಅದ್ರಲ್ಲಿ ಆರು ತಿಂಗಳ ಮನೆ ಖರ್ಚು ಮತ್ತು ಇಎಂಐ ಸೇರಿ ಸುಮಾರು 3.3 ಲಕ್ಷ ಎಫ್‌ಡಿಲಿ ಇರಲಿ, ಫ್ಯಾಕ್ಟರಿ ಕೆಲಸ, ಯಾವತ್ತು ಏನೋ. ಉಳಿದಿದ್ದು ಮಗಳ ಮೊದಲ ವರ್ಷದ ಫೀಸಿಗೆ.

ಬಾಕಿ 3 ಲಕ್ಷ ಸಾಲಕ್ಕೆ ಕಟ್ಟಿ. ಇಎಂಐ ಅದೇ 25 ಸಾವಿರ ಇಟ್ಕೊಂಡ್ರೆ 138 ತಿಂಗಳು ಇದ್ದಿದ್ದು 110ಕ್ಕೆ ಬರುತ್ತೆ, ಒಂಬತ್ತು ವರ್ಷದ ಮೇಲೆ ಒಂದೆರಡು ತಿಂಗಳು. ಉಳಿಯೋ ಬಡ್ಡಿ ಸುಮಾರು 4.2 ಲಕ್ಷ. ಬ್ಯಾಂಕಿಗೆ ಹೋದಾಗ ಬಾಯಲ್ಲಿ ಹೇಳಿ ಬರಬೇಡಿ, ಇಎಂಐ ಹಾಗೇ ಇಟ್ಟು ಅವಧಿ ಕಮ್ಮಿ ಮಾಡಿ ಅಂತ ಬರೆದು ಕೊಡಿ, ಕೆಲವು ಕಡೆ ಅವರಾಗೇ ಇಎಂಐ ಇಳಿಸಿಬಿಡ್ತಾರೆ, ಆಗ ಸಾಲ ಮೊದಲಿನಷ್ಟೇ ವರ್ಷ ಎಳೆಯುತ್ತೆ. ಹೊಸ ಕಂತಿನ ಪಟ್ಟಿ ಕೈಗೆ ಬರೋವರೆಗೂ ಕೆಲಸ ಆಯ್ತು ಅಂದ್ಕೊಬೇಡಿ. ಫ್ಲೋಟಿಂಗ್ ರೇಟ್, ಅಂದ್ರೆ ಆಗಾಗ ಏರಿಳಿಯೋ ಬಡ್ಡಿ ಇರೋ ಮನೆ ಸಾಲಕ್ಕೆ ಮುಂಗಡ ಕಟ್ಟಿದ್ರೆ ದಂಡ ಹಾಕೋ ಹಾಗಿಲ್ಲ, ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ 2012ರಲ್ಲೇ ಇದನ್ನ ನಿಲ್ಲಿಸಿದೆ.

ಇಲ್ಲಿ ಒಂದು ವಿಷಯ ಸ್ವಲ್ಪ ನಿಧಾನವಾಗಿ ಓದಿ, ಈ ಪ್ರಶ್ನೆಲಿ ಎಲ್ಲರೂ ಎಡವೋದು ಇಲ್ಲೇ. ನಿಮ್ಮ ಸ್ನೇಹಿತರು ಹೇಳ್ತಾರೆ, 3 ಲಕ್ಷ ಸಾಲಕ್ಕೆ ಹಾಕಿದ್ರೆ 4.2 ಲಕ್ಷ ಉಳಿಯುತ್ತೆ, ಅದೇ 3 ಲಕ್ಷನ ಶೇ 8.25 ಕೊಡೋ ಕಡೆ ಹನ್ನೊಂದೂವರೆ ವರ್ಷ ಬಿಟ್ರೆ ಏಳೂವರೆ ಲಕ್ಷ ಆಗುತ್ತೆ, ಲಾಭವೇ ನಾಲ್ಕೂವರೆ, ಹಾಗಾಗಿ ಸಾಲಕ್ಕೆ ಹಾಕೋದು ದಡ್ಡತನ ಅಂತ. ಅವರು ಬಿಟ್ಟಿರೋ ಲೆಕ್ಕ ಏನು ಗೊತ್ತಾ? ಸಾಲ 28 ತಿಂಗಳು ಮೊದ್ಲೇ ಮುಗಿದ ಮೇಲೆ ಆ 25 ಸಾವಿರ ನಿಮ್ಮ ಕೈಲೇ ಉಳಿಯುತ್ತೆ, ಅದನ್ನ ತಿಂಗಳಾ ತಿಂಗಳಾ ಅದೇ ಬಡ್ಡಿಗೆ ಕಟ್ಕೊಂಡು ಹೋದ್ರೆ ಅಷ್ಟೇ ಹೊತ್ತಿಗೆ 7.7ರಿಂದ 7.9 ಲಕ್ಷ ಸೇರುತ್ತೆ. ಎರಡೂ ಹೆಚ್ಚು ಕಮ್ಮಿ ಒಂದೇ, ಸಾಲ ತೀರಿಸೋದೇ ಒಂಚೂರು ಮೇಲು. ಆದ್ರೆ ಇಎಂಐ ಮುಗೀತು ಅಂತ ಹೊಸ ಕಾರು ಬುಕ್ ಮಾಡಿದ್ರೆ ಲೆಕ್ಕ ಪೂರ್ತಿ ತಲೆಕೆಳಗೆ. ಸಾಲ ಬೇಗ ತೀರಿಸಿದವರಿಗೆಲ್ಲ ವಯಸ್ಸಾದ ಕಾಲಕ್ಕೆ ದುಡ್ಡಿರುತ್ತೆ ಅಂತೇನಿಲ್ಲ, ತೀರಿದ ಮೇಲೆ ಆ ಕಂತಿನ ದುಡ್ಡನ್ನ ಎಲ್ಲಿ ಕಟ್ಟಿದ್ರು ಅನ್ನೋದರ ಮೇಲೆ ನಿಂತಿರುತ್ತೆ ಅದು.

ಪಿಎಫ್ ಮುಟ್ಟಬೇಡಿ. ಮನೆ ಸಾಲಕ್ಕೆ ಅಂತ ತೆಗೆಯೋಕೆ ನಿಯಮದಲ್ಲಿ ದಾರಿ ಇದೆ ನಿಜ, ಆದ್ರೆ 2024-25ಕ್ಕೆ ಪಿಎಫ್ ಕೊಟ್ಟಿದ್ದು ಶೇ 8.25, ನಿಮ್ಮ ಸಾಲ ಶೇ 8.5, ಕಾಲು ಪರ್ಸೆಂಟ್ ಆಸೆಗೆ ಇರೋ ಒಂದೇ ಗಂಟು ಬಿಚ್ಚೋದು ಯಾವ ನ್ಯಾಯ? ಆ 9 ಲಕ್ಷ ಸುಮ್ನೆ ಬಿಟ್ರೂ ಇದೇ ಬಡ್ಡಿ ಸಿಕ್ಕಿದ್ರೆ ಹತ್ತು ವರ್ಷಕ್ಕೆ 20 ಲಕ್ಷದ ಹತ್ರ ಹೋಗುತ್ತೆ.

ತಿಂಗಳಿಗೆ ಉಳಿಯೋ 10 ಸಾವಿರನ ವಿಪಿಎಫ್‌ಗೆ ಹಾಕಿ, ಅಂದ್ರೆ ಪಿಎಫ್ ಕಟ್ ಆಗೋದನ್ನೇ ನೀವಾಗಿ ಜಾಸ್ತಿ ಮಾಡಿಸ್ಕೊಳ್ಳೋದು. ಎಚ್‌ಆರ್‌ನವರಿಗೆ ಬರೆದು ಕೊಡಬೇಕು, ಕೆಲವು ಕಂಪನಿಲಿ ಏಪ್ರಿಲ್‌ನಲ್ಲಿ ಮಾತ್ರ ತಗೋತಾರೆ, ಕೇಳ್ಕೊಳ್ಳಿ. ಹತ್ತು ವರ್ಷಕ್ಕೆ ಇದೊಂದೇ 18 ಲಕ್ಷ ದಾಟುತ್ತೆ, ಬಡ್ಡಿ ದರ ಹೀಗೇ ಇದ್ರೆ. ವರ್ಷಕ್ಕೆ ನಿಮ್ಮ ಕಡೆಯಿಂದ ಹೋಗೋ ಒಟ್ಟು ಪಿಎಫ್ ಎರಡೂವರೆ ಲಕ್ಷ ದಾಟಿದ್ರೆ ಮಾತ್ರ ದಾಟಿದ್ದರ ಬಡ್ಡಿಗೆ ಟ್ಯಾಕ್ಸ್, ನಿಮಗೆ ಆ ಯೋಚನೆ ಇರಲಿಕ್ಕಿಲ್ಲ. ಮ್ಯೂಚುಯಲ್ ಫಂಡ್ ಬೇಡವೇ ಬೇಡ ಅನ್ನಲ್ಲ, ಹತ್ತು ವರ್ಷ ಕಡಿಮೆ ಸಮಯ ಏನಲ್ಲ, ಸಂಬಳ ಏರಿದಾಗ ಏರಿದ್ದರಲ್ಲಿ ಸ್ವಲ್ಪ ಹಾಕಿ, ಫೀಸ್ ದುಡ್ಡು ಹಾಕ್ಬೇಡಿ.

ಪ್ರಶ್ನೆ: ನಾನು ಸರ್ಕಾರಿ ಹೈಸ್ಕೂಲ್ ಟೀಚರ್, ವಯಸ್ಸು 42, ಎನ್‌ಪಿಎಸ್‌ನಲ್ಲಿದ್ದೀನಿ, ಅಂದ್ರೆ ಸಂಬಳದಲ್ಲಿ ಹಿಡಿದು ಕೂಡಿಡೋ ಪೆನ್ಷನ್ ಯೋಜನೆ. 2021ರಲ್ಲಿ ತುಮಕೂರಿನ ಸಪ್ತಗಿರಿ ಬಡಾವಣೆಲಿ ಮನೆ ತಗೊಂಡ್ವಿ, 25 ಲಕ್ಷ ಸಾಲ, ಆಗ ಬಡ್ಡಿ ಶೇ 6.9 ಇತ್ತು, ಇಎಂಐ 19,200. ಮೊನ್ನೆ ಸ್ಟೇಟ್‌ಮೆಂಟ್ ತೆಗೆಸಿದ್ರೆ ಇನ್ನೂ 24 ಲಕ್ಷ ಇದೆ, ಬಡ್ಡಿ ಶೇ 8.4, ಕೊನೇ ಕಂತು ನನಗೆ 67 ಆದಾಗ ಅಂತ ತೋರಿಸ್ತಿದೆ! ನಮ್ಮನ್ನ ಒಂದು ಮಾತೂ ಕೇಳಿಲ್ಲ. ಸ್ಟಾಫ್ ರೂಮಲ್ಲಿ ಎಲ್ಲರೂ ಟ್ಯಾಕ್ಸ್ ಉಳಿಯುತ್ತೆ, ಸಾಲ ಬೇಗ ತೀರಿಸಬೇಡಿ ಮೇಡಂ ಅಂತಾರೆ. ತಿಂಗಳಿಗೆ ಐದಾರು ಸಾವಿರ ಹೊಂದಿಸಬಹುದು, ಯಾವುದಕ್ಕೆ ಹಾಕಲಿ?

ಉತ್ತರ: ಮೇಡಂ, 67 ನೋಡಿ ಗಾಬರಿ ಆಗಿರ್ತೀರ, ಇದು ನಿಮಗೊಬ್ಬರಿಗೇ ಆಗಿರೋದಲ್ಲ. 2022ರ ಮೇನಿಂದ 2023ರ ಫೆಬ್ರವರಿ ಒಳಗೆ ರಿಸರ್ವ್ ಬ್ಯಾಂಕ್ ರೆಪೊ ದರನ, ಅಂದ್ರೆ ತಾನು ಬ್ಯಾಂಕುಗಳಿಗೆ ಕೊಡೋ ಸಾಲದ ಬಡ್ಡಿನ, ಶೇ 4ರಿಂದ 6.5ಕ್ಕೆ ಏರಿಸ್ತು, ನಿಮ್ಮ ಥರ ಕೋವಿಡ್ ಟೈಮಲ್ಲಿ ಕಡಿಮೆ ಬಡ್ಡಿ ಅಂತ ಸಾಲ ಮಾಡಿದವರಿಗೆ ಏಟು ಬಿದ್ದಿದ್ದೇ ಆವಾಗ. ಇಎಂಐ ಏರಿಸಿದ್ರೆ ಜನ ಗಲಾಟೆ ಮಾಡ್ತಾರೆ ಅಂತ ಬ್ಯಾಂಕುಗಳು ಸದ್ದಿಲ್ಲದೆ ವರ್ಷ ಏರಿಸಿದ್ವು. ನಿಮ್ಮ ಲೆಕ್ಕದಲ್ಲಿ ಬಡ್ಡಿ ಶೇ 9.4ರ ಹತ್ರ ಇದ್ದಾಗ 24 ಲಕ್ಷಕ್ಕೆ ತಿಂಗಳ ಬಡ್ಡಿನೇ 18,800, ನೀವು ಕಟ್ತಿದ್ದ 19,200ರಲ್ಲಿ ಅಸಲಿಗೆ ಹೋಗಿದ್ದು ನಾನೂರು ರೂಪಾಯಿ. ಅಷ್ಟು ವರ್ಷ ಕಟ್ಟಿ ಒಂದು ಲಕ್ಷ ಮಾತ್ರ ಕರಗಿದೆ ಅಂದ್ರೆ ಕಾರಣ ಇದೇ.

2025ರಲ್ಲಿ ರೆಪೊ ಇಳಿಯಿತು, ಜೂನ್ ಹೊತ್ತಿಗೆ ಒಂದು ಪರ್ಸೆಂಟ್ ಕಮ್ಮಿ ಆಗಿತ್ತು, ಆದ್ರೂ ಇದೇ ಇಎಂಐಲಿ ಇನ್ನೂ 25 ವರ್ಷ ಬೇಕು. ಬಡ್ಡಿ ಬದಲಾದಾಗ ಇಎಂಐ ಏರಿಸೋದಾ, ಅವಧಿ ಏರಿಸೋದಾ, ಎರಡೂ ಸ್ವಲ್ಪ ಸ್ವಲ್ಪನಾ ಅಂತ ಸಾಲಗಾರರನ್ನ ಕೇಳಲೇಬೇಕು ಅಂತ ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಸುತ್ತೋಲೆ ಹೊರಡಿಸಿದೆ. ಅದನ್ನ ಹೇಳಿ ಬ್ಯಾಂಕಲ್ಲಿ ಒಂದು ಅರ್ಜಿ ಕೊಡಿ: 60ಕ್ಕೆ ಮುಗಿಯೋ ಹಾಗೆ, ಅಂದ್ರೆ 216 ತಿಂಗಳಿಗೆ ಇಎಂಐ ಕೂರಿಸಿ ಅಂತ. ಈಗಿನ ಬಡ್ಡಿಗೆ ಅದು 21,600 ಆಗುತ್ತೆ. ಬರೀ 2,400 ಜಾಸ್ತಿ ಕಟ್ಟೋದಕ್ಕೆ ಏಳು ವರ್ಷದ ಸಾಲ ಹೋಗುತ್ತೆ, ನನಗೂ ಪ್ರತಿ ಸಲ ಈ ಲೆಕ್ಕ ಮಾಡಿದಾಗ ಆಶ್ಚರ್ಯವೇ.

ಟ್ಯಾಕ್ಸ್ ಮಾತು ಹಳೇ ಕಾಲದ್ದು. ನೀವು ಹೊಸ ಟ್ಯಾಕ್ಸ್ ಪದ್ಧತಿಲಿದ್ರೆ ಸ್ವಂತ ವಾಸದ ಮನೆಯ ಸಾಲದ ಬಡ್ಡಿಗೆ ಒಂದು ರೂಪಾಯಿ ವಿನಾಯಿತಿನೂ ಇಲ್ಲ, ಮತ್ತೆ ಹೇಗೂ 2025-26ರಿಂದ 12 ಲಕ್ಷದವರೆಗಿನ ಆದಾಯಕ್ಕೆ ಟ್ಯಾಕ್ಸೇ ಬರಲ್ಲ, ಸಂಬಳದವರಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿ 12.75 ಲಕ್ಷ. ಉಳಿಸೋಕೆ ಟ್ಯಾಕ್ಸ್ ಎಲ್ಲಿದೆ? ಹಳೇ ಪದ್ಧತಿಲೇ ಇದ್ದೀರ ಅಂದ್ರೂ ಬಡ್ಡಿ ಮೇಲಿನ ವಿನಾಯಿತಿಗೆ 2 ಲಕ್ಷ ಮಿತಿ, ಶೇ 20ರ ಸ್ಲ್ಯಾಬ್‌ನಲ್ಲಿ ಸೆಸ್ ಸೇರಿ 41,600 ಉಳಿಯುತ್ತೆ. ಅಷ್ಟು ಉಳಿಸೋಕೆ ಬ್ಯಾಂಕಿಗೆ 2 ಲಕ್ಷ ಬಡ್ಡಿ ಕಟ್ಟೋದನ್ನ ಉಳಿತಾಯ ಅಂತ ಕರೆಯೋದು ಸ್ಟಾಫ್ ರೂಮಲ್ಲಿ ಮಾತ್ರ ಸಾಧ್ಯ.

ನಿಮಗೆ ಮೊದಲನೇ ಸಾರ್‌ಗಿಲ್ಲದ ಒಂದು ಅನುಕೂಲ ಇದೆ. ಬೇಸಿಕ್ ಮತ್ತು ಡಿಎ ಮೇಲೆ ನಿಮ್ಮ ಸಂಬಳದಿಂದ ಶೇ 10, ಸರ್ಕಾರದಿಂದ ಶೇ 14 ಎನ್‌ಪಿಎಸ್‌ಗೆ ಹೋಗ್ತಾನೇ ಇದೆ, ನೀವು ಮರೆತ್ರೂ ಅದು ನಿಲ್ಲಲ್ಲ. 60ಕ್ಕೆ ಸೇರಿದ ಗಂಟಲ್ಲಿ ಶೇ 60ರವರೆಗೆ ಕೈಗೆ ಬರುತ್ತೆ, ಕನಿಷ್ಠ ಶೇ 40 ಆನ್ಯೂಯಿಟಿಗೆ, ಅಂದ್ರೆ ವಿಮಾ ಕಂಪನಿಯ ಪೆನ್ಷನ್ ಪ್ಲಾನ್‌ಗೆ ಹೋಗಿ ಪೆನ್ಷನ್ ಆಗುತ್ತೆ. ಆಗ ಸಾಲ ಇದ್ರೆ ಆ ಕೈಗೆ ಬರೋ ದುಡ್ಡು ಸೀದಾ ಬ್ಯಾಂಕಿಗೇ ಹೋಗೋದು. ಅದಕ್ಕೇ ನಿಮಗೆ ಮೊದ್ಲು ಸಾಲ ಅಂತೀನಿ: 2,400 ಇಎಂಐಗೆ ಸೇರಿಸಿ, ಮಿಕ್ಕ ಮೂರು ಸಾವಿರ ಚಿಲ್ಲರೆ ಪಿಪಿಎಫ್‌ಗೆ, ಅಂದ್ರೆ ಬ್ಯಾಂಕು, ಪೋಸ್ಟ್ ಆಫೀಸಲ್ಲಿ ತೆರೆಯೋ ಸರ್ಕಾರದ ಉಳಿತಾಯ ಯೋಜನೆಗೆ ಹಾಕಿ, ಅದು 2020ರ ಏಪ್ರಿಲ್‌ನಿಂದ ಶೇ 7.1ರಲ್ಲೇ ನಿಂತಿದೆ, ಹದಿನೈದು ವರ್ಷದ್ದು, ನಿಮ್ಮ ರಿಟೈರ್‌ಮೆಂಟ್‌ಗೆ ಸ್ವಲ್ಪ ಮೊದ್ಲೇ ಮುಗಿಯುತ್ತೆ. ಡಿಎ ಹಿಂಬಾಕಿ ಬಂದಾಗ ಅರ್ಧ ಸಾಲಕ್ಕೆ ಹಾಕಿ. ಉಳಿದರ್ಧ ಸೀರೆ ತಗೊಂಡ್ರೂ ನಾನು ಬೇಡ ಅನ್ನಲ್ಲ.

ಪ್ರಶ್ನೆ: ತಿಪಟೂರಲ್ಲಿ ಕೊಬ್ಬರಿ ವ್ಯಾಪಾರ, ವಯಸ್ಸು 57. ಪಿಎಫ್, ಪೆನ್ಷನ್ ಏನೂ ಇಲ್ಲ. ಮನೆ ಸಾಲ 9 ಲಕ್ಷ ಐತೆ, ಶೇ 9.5, ತಿಂಗಳಿಗೆ 15 ಸಾವಿರ ಕಟ್ತೀನಿ. ಒಂದು ಸೌಹಾರ್ದ ಸೊಸೈಟಿಲಿ 10 ಲಕ್ಷ ಎಫ್‌ಡಿ ಐತೆ, ಶೇ 9 ಕೊಡ್ತಾರೆ. ಹೆಚ್ಚುಕಮ್ಮಿ ಸಮ ಆಗುತ್ತಲ್ಲ, ಇರಲಿ ಅಂತ ಬಿಟ್ಟಿದ್ದೆ. ಮಗ ಒಡೆದು ಸಾಲ ತೀರಿಸಪ್ಪ ಅಂತಾನೆ. ಏನ್ ಮಾಡ್ಲಿ?

ಉತ್ತರ: ಮಗ ಹೇಳೋದು ಮುಕ್ಕಾಲು ಪಾಲು ಸರಿ, ಆದ್ರೆ ಅವನು ಹೇಳೋ ಕಾರಣಕ್ಕಲ್ಲ. ಬಡ್ಡಿ ಸಮ ಅಂತ ಕಂಡ್ರೂ ಎಫ್‌ಡಿ ಬಡ್ಡಿ ನಿಮ್ಮ ಆದಾಯಕ್ಕೆ ಸೇರುತ್ತೆ, ಟ್ಯಾಕ್ಸ್ ಕಟ್ಟೋರಾದ್ರೆ ಶೇ 9 ಅನ್ನೋದು ಏಳಕ್ಕೋ ಏಳೂವರೆಗೋ ಇಳಿಯುತ್ತೆ. ಅದಕ್ಕಿಂತ ದೊಡ್ಡ ವಿಷಯ ಸೊಸೈಟಿದು. ಬ್ಯಾಂಕಲ್ಲಿಟ್ಟ ಠೇವಣಿಗೆ, ಅದು ಕೋಆಪರೇಟಿವ್ ಬ್ಯಾಂಕೇ ಆಗಿರಲಿ, ಒಬ್ಬರಿಗೆ ಒಂದು ಬ್ಯಾಂಕಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಇದೆ, 2020ರ ಫೆಬ್ರವರಿಲಿ ಒಂದು ಲಕ್ಷದಿಂದ ಏರಿಸಿದ್ರು. ಸೌಹಾರ್ದ ಸೊಸೈಟಿ ಬ್ಯಾಂಕಲ್ಲ, ಅಲ್ಲಿಟ್ಟ ದುಡ್ಡಿಗೆ ಆ ವಿಮೆ ಇಲ್ಲ. ನಿಮ್ಮ ಸೊಸೈಟಿ ಚೆನ್ನಾಗೇ ನಡೀತಿರಬಹುದು, ಆಡಳಿತ ಮಂಡಳಿಲಿರೋರೆಲ್ಲ ನಿಮಗೆ ಗೊತ್ತಿರೋರೇ ಇರಬಹುದು, ಆದ್ರೂ ಪೆನ್ಷನ್ ಇಲ್ಲದ ಮನುಷ್ಯ 57ರಲ್ಲಿ ಇದ್ದ ಹತ್ತು ಲಕ್ಷವನ್ನೂ ವಿಮೆ ಇಲ್ಲದ ಒಂದೇ ಕಡೆ ಇಡೋದು ನನಗೆ ಸರಿ ಕಾಣಲ್ಲ.

6 ಲಕ್ಷ ತೆಗೆದು ಸಾಲಕ್ಕೆ ಕಟ್ಟಿ. ಈಗ 82 ತಿಂಗಳು ಇರೋದು 22 ತಿಂಗಳಿಗೆ ಇಳಿಯುತ್ತೆ, 60 ಆಗೋ ಮೊದ್ಲೇ ಸಾಲ ಮುಗೀತು. ಮಿಕ್ಕ 4 ಲಕ್ಷನ ಬ್ಯಾಂಕ್ ಎಫ್‌ಡಿಗೆ ಹಾಕಿ, ಬಡ್ಡಿ ಕಮ್ಮಿ ಅಂತ ಗೊಣಗಬೇಡಿ, ಕೊಬ್ಬರಿ ರೇಟು ಬಿದ್ದ ವರ್ಷ ಅಂಗಡಿಗೆ, ಆಸ್ಪತ್ರೆಗೆ ಅಂತ ಬೇಕಾಗುತ್ತೆ. ಅವಧಿಗೆ ಮುಂಚೆ ಒಡೆದ್ರೆ ಸೊಸೈಟಿಯವರು ಎಷ್ಟು ಬಡ್ಡಿ ಕಡಿತಾರೆ ಕೇಳಿ, ಎರಡು ಮೂರು ತಿಂಗಳಲ್ಲಿ ಮೆಚ್ಯೂರ್ ಆಗೋ ಬಾಂಡ್ ಇದ್ರೆ ಅಲ್ಲಿವರೆಗೂ ಕಾಯಬಹುದು. ಹೆಲ್ತ್ ಇನ್ಶೂರೆನ್ಸ್ ಇಲ್ಲ ಅಂದ್ರೆ ಈ ವರ್ಷವೇ ಮಾಡಿಸಿ.

ಸಾಲ ಮುಗಿದ ತಿಂಗಳಿಂದ ಆ 15 ಸಾವಿರ ಅಂಗಡಿ ಗಲ್ಲಾಪೆಟ್ಟಿಗೆಗೆ ಸೇರಬಾರದು, ಸೇರಿದ್ರೆ ಮಾಲಿಗೆ ಹೋಗಿಬಿಡುತ್ತೆ, ವ್ಯಾಪಾರಸ್ಥರ ಮನೆಲಿ ಆಗೋದೇ ಅದು. ಬ್ಯಾಂಕಲ್ಲೇ ಆರ್‌ಡಿ ಮಾಡಿಸಿ, ಅದೇ ತಾರೀಕಿಗೆ ಅಕೌಂಟಿಂದ ತಾನಾಗೇ ಹೋಗ್ಲಿ. 60 ತುಂಬಿದ ಮೇಲೆ ಪೋಸ್ಟ್ ಆಫೀಸಿನ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ, 2023ರ ಏಪ್ರಿಲ್‌ನಿಂದ ಶೇ 8.2, ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಗೆ, 30 ಲಕ್ಷದವರೆಗೆ ಇಡಬಹುದು. ಆರ್‌ಡಿಲಿ ಕೂಡಿದ್ದನ್ನ ಅಲ್ಲಿಗೆ ದಾಟಿಸ್ತಾ ಹೋಗಿ. ಅಂಗಡಿ ಮಗನಿಗೆ ಬಿಟ್ಟುಕೊಡೋವಾಗ ನಿಮ್ಮ ಬಂಡವಾಳದಲ್ಲೂ ಒಂದು ಪಾಲು ಹೀಗೆ ನಿಮ್ಮ ಹೆಸರಿಗೇ ಇಟ್ಕೊಳ್ಳಿ, ಮಗ ಒಳ್ಳೆಯವನೇ ಆಗಿದ್ರೂ.

ಕೊನೇ ಕಂತು ಕಟ್ಟಿದ ದಿನ ನೋ ಡ್ಯೂ ಸರ್ಟಿಫಿಕೇಟ್ ಕೇಳಿ. ಮೂಲ ಪತ್ರಗಳನ್ನ 30 ದಿನದೊಳಗೆ ವಾಪಸ್ ಕೊಡಬೇಕು, ಅವರ ತಪ್ಪಿಂದ ತಡ ಆದ್ರೆ ದಿನಕ್ಕೆ 5,000 ರೂಪಾಯಿ ಪರಿಹಾರ, 2023ರ ಡಿಸೆಂಬರ್ 1ರಿಂದ ಇರೋ ನಿಯಮ. ಸಾಲ ತಗೊಂಡಾಗ ಪತ್ರ ಅಡ ಇಟ್ಟಿದ್ದನ್ನ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ನೋಂದಣಿ ಮಾಡಿಸಿದ್ರೆ ಅದನ್ನ ವಜಾ ಮಾಡಿಸೋ ಕೆಲಸ ಬೇರೆ ಇರುತ್ತೆ, ಬ್ಯಾಂಕಿನವರನ್ನ ಕರ್ಕೊಂಡೋಗಿ ಮುಗಿಸ್ಕೊಳ್ಳಿ, ಆಮೇಲೆ ಒಂದು ಇಸಿ, ಅಂದ್ರೆ ಆಸ್ತಿ ಮೇಲಿನ ಋಣಭಾರದ ಪತ್ರ ತೆಗೆಸಿ ಸಾಲ ಅದರಲ್ಲಿ ಇನ್ನೂ ಬಾಕಿ ಅಂತ ಕಾಣುತ್ತಾ ನೋಡಿ. ಇದನ್ನ ಬಿಟ್ಟವರು ಹತ್ತು ವರ್ಷ ಆದ್ಮೇಲೆ ಮಕ್ಕಳಿಗೆ ಭಾಗ ಮಾಡೋಕೆ ಹೋದಾಗ, ಆ ಬ್ರಾಂಚೇ ಇನ್ನೊಂದರ ಜೊತೆ ಸೇರಿಹೋಗಿ ಹಳೇ ಫೈಲ್ ಯಾವ ಊರಲ್ಲಿದೆ ಅಂತ ಹುಡುಕ್ತಾ ಓಡಾಡ್ತಿರ್ತಾರೆ.